ಕಾವಿಗೆ ಕೂತ ಬ್ಯಾಟರಿ

ಡಿಪೋಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ಫೋನ್ ಮಾಡಿ, "ಮೇಡಂ, ಚಾರ್ಜೇ ತಗೊಳ್ದಿರೋ ಹಳೇ ಬ್ಯಾಟರಿನ ನೀವು ಹೆಂಗೆ ಎಬ್ಬಿಸ್ತಿದ್ರಿ" ಎಂದು ಕೇಳುತ್ತಾರೆ. ನಾನು ತುಮಕೂರಿನ ಬಸ್ ಡಿಪೋದ ಬ್ಯಾಟರಿ ಸೆಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಯಾವಾಗ ಯಾವ ಗ್ರೇಡು ಸಿಕ್ಕಿತು ಎಂಬುದು ನನಗೇ ಮರೆತುಹೋಗಿದೆ, ಅದನ್ನು ಕೇಳಿ ನಿಮಗೆ ಆಗಬೇಕಾದ್ದೂ ಏನಿಲ್ಲ. ಬ್ಯಾಟರಿ ಎಬ್ಬಿಸುವ ವಿದ್ಯೆ ಮಾತ್ರ ಹೇಳಬಲ್ಲೆ. ಅದನ್ನು ಹೇಳಬೇಕೆಂದರೆ ಕುಣಿಗಲ್ ಕಡೆಯ ಇನ್ನೂರು ಕೋಳಿಮೊಟ್ಟೆಯ ಕಥೆಯನ್ನೇ ಹೇಳಬೇಕು. ಅದು ನಡೆದದ್ದು ನಾನು ನಿವೃತ್ತಳಾದ ಮೇಲೆ. ಅಷ್ಟು ವರ್ಷ ಕಲಿತದ್ದೆಲ್ಲ ಆ ಆರು ದಿನದಲ್ಲಿ ಪರೀಕ್ಷೆಗೆ ಬಂತು. ನೆನಪಾದರೆ ಈಗಲೂ ಒಬ್ಬಳೇ ನಗುತ್ತೇನೆ. ಮನೆಯವರು ಟಿವಿ ಸೌಂಡು ಕಡಿಮೆ ಮಾಡಿ ನನ್ನ ಮುಖ ನೋಡುತ್ತಾರೆ.

ಮೊದಲು ಸವಿತಾ ಯಾರೆಂದು ಹೇಳಿಬಿಡುತ್ತೇನೆ. ಐಟಿಐ ಮುಗಿಸಿ ಒಂದು ವರ್ಷ ನನ್ನ ಕೈಕೆಳಗೆ ಅಪ್ರೆಂಟಿಸ್ ಆಗಿದ್ದವಳು. ಮದುವೆಯಾಗಿ ಕುಣಿಗಲ್ ಪಕ್ಕದ ಹಳ್ಳಿಗೆ ಹೋದಳು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ ಕೆಂಪಮ್ಮ. ಒಂದು ಸೋಮವಾರ ಬೆಳಿಗ್ಗೆ ನಾನು ಮರಳೂರಿನ ನಮ್ಮ ಮನೆಯ ಮುಂದೆ ರಂಗೋಲಿ ಬಿಡುತ್ತಿದ್ದಾಗ ಅವಳ ಫೋನ್ ಬಂತು.

"ಅಕ್ಕ, ಕಾವು ಕೊಡೋ ಮಿಷನ್ನಲ್ಲಿ ಇನ್ನೂರು ಮೊಟ್ಟೆ ಇಟ್ಟಿದೀನಿ. ಭಾನ್ವಾರ ಮರಿ ಆಗ್ಬೇಕು. ಭಾನ್ವಾರನೇ ಬೆಳಗ್ಗೆ ಒಂಬತ್ರಿಂದ ಸಂಜೆ ಐದರ್ಗಂಟ ಕರೆಂಟ್ ತೆಗೀತಾರಂತೆ, ಲೈನ್ ಕೆಲಸ. ಅರ್ಧ ಗಂಟೆ ಆದ್ರೆ ಕಂಬಳಿ ಹೊದ್ಸಿ ಕಾಯ್ಬೋದು, ದಿನಪೂರ್ತಿ ಆಗಲ್ಲ. ಮನೇಲಿ ಇನ್ವರ್ಟರ್ ಐತೆ, ಬ್ಯಾಟರಿ ಎರಡು ವರ್ಷದಿಂದ ಮೂಲೇಲಿ ಬಿದ್ದೈತೆ. ಚಾರ್ಜಿಗೆ ಹಾಕುದ್ರೆ ಬ್ಯಾಟರಿನೇ ಇಲ್ಲ ಅಂತ ತೋರುಸ್ತೈತೆ."

"ಹೊಸದು ತಗೊಳ್ಳೇ."

"ಅತ್ತೆ ಕೊಡಲ್ಲ ಅಕ್ಕ. ಈ ಕಾವಿನ ಪೆಟ್ಟಿಗೆ ತಂದಾಗ್ಲೇ, ಇನ್ನೊಂದು ಪೈಸ ಕೇಳಲ್ಲ ಅಂತ ಬಾಯ್ಬಿಟ್ಟು ಹೇಳ್ಬಿಟ್ಟಿದೀನಿ. ಊರಲ್ಲಿರೋ ಒಂದು ಜನರೇಟ್ರು ಗೃಹಪ್ರವೇಶಕ್ಕೆ ಬುಕ್ ಆಗೋಗೈತೆ."

ಆಮೇಲೆ ನಿಜವಾದ ಸಂಕಟ ಹೊರಗೆ ಬಂತು. ಆ ಮೊಟ್ಟೆಗಳು ಅವಳವಲ್ಲ. ಅವರ ಬೀದಿಯ ಹದಿನಾಲ್ಕು ಮನೆಯ ಹೆಂಗಸರು ನಾಟಿ ಕೋಳಿಯ ಮೊಟ್ಟೆಗಳನ್ನು ಪಾಲಿಗೆ ಕೊಟ್ಟಿದ್ದರು. ಆ ಕಡೆ ಹಸು ಕುರಿಗಳನ್ನು ಪಾಲಿಗೆ ಕೊಡುವುದು ಹಳೆಯ ಪದ್ಧತಿ. ಹುಟ್ಟಿದ್ದರಲ್ಲಿ ಸಾಕಿದವರಿಗೆ ಅರ್ಧ, ಕೊಟ್ಟವರಿಗೆ ಅರ್ಧ. ಸವಿತಾ ಅದೇ ಪದ್ಧತಿಯನ್ನು ಮೊಟ್ಟೆಗೂ ತಂದು, ಆದ ಮರಿಗಳಲ್ಲಿ ಅರ್ಧ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಪ್ರತಿ ಮೊಟ್ಟೆಯ ಮೇಲೂ ಯಾರ ಮನೆಯದೆಂದು ಪೆನ್ಸಿಲ್ಲಿನಲ್ಲಿ ಒಂದು ಅಕ್ಷರ ಬರೆದಿದ್ದಳು. ಮರಿ ಆಗದಿದ್ದರೆ ಆ ಬೀದಿಯಲ್ಲಿ ತಲೆ ಎತ್ತಿ ನಡೆಯುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾಯಿಕೋಳಿ ಇಲ್ಲದೆ ಪೆಟ್ಟಿಗೆಯಲ್ಲಿ ಮರಿ ಆಗುವುದೆಂದರೇನು ಎಂದು ಮೊದಲ ದಿನದಿಂದ ಗೊಣಗುತ್ತಿದ್ದ ಅತ್ತೆಗೆ ಮುಖ ತೋರಿಸುವಂತಿರಲಿಲ್ಲ.

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಕೇಕಿಗೆ ಮೊಟ್ಟೆ ಹಾಕಿದ್ದೀರಾ ಎಂದು ಬೇಕರಿಯವನನ್ನು ಮೂರು ಸಲ ಕೇಳುವ ಜನ ನಾವು.

"ಕೋಳಿಮೊಟ್ಟೆ ಕಾಯೋಕೆ ಹೋಗ್ತಿದೀಯಾ?" ಎಂದರು ಮನೆಯವರು.

"ತಿನ್ನೋಕಲ್ವಲ್ಲ, ಹುಟ್ಸೋಕೆ" ಎಂದೆ. ಮಂಗಳವಾರ ಬೆಳಿಗ್ಗೆ ರಬ್ಬರ್ ಗ್ಲೌಸು, ಕಣ್ಣಿಗೆ ಹಾಕುವ ಕನ್ನಡಕ, ಸಣ್ಣ ಚಾರ್ಜರು, ಎರಡು ಕ್ಯಾನು ಬ್ಯಾಟರಿ ನೀರು, ಆಸಿಡ್ಡನ್ನು ಹೀರಿ ಅದರ ಸತ್ವ ತೋರಿಸುವ ಗಾಜಿನ ಹೈಡ್ರೋಮೀಟರು, ಎಲ್ಲ ಚೀಲಕ್ಕೆ ತುಂಬಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಮದುವೆಗೆ ಹೊರಟವಳಂತೆ ಹುರುಪು.

ಬಸ್ಸಿನಲ್ಲಿ ಕೂತಾಗ ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಾಯಿತು. ಡ್ರೈವರ್ ಆಗಿದ್ದ ಅಪ್ಪ ತೀರಿಹೋದ ಮೇಲೆ ಅನುಕಂಪದ ಮೇಲೆ ಸಿಕ್ಕ ಕೆಲಸ ಅದು. ಆಫೀಸಿನಲ್ಲಿ ಕೂರಿಸುತ್ತಾರೆಂದುಕೊಂಡು ಅಮ್ಮನ ಒಳ್ಳೆಯ ಕಾಟನ್ ಸೀರೆ ಉಟ್ಟು ಹೋಗಿದ್ದೆ. ಬ್ಯಾಟರಿ ಸೆಕ್ಷನ್ನಿಗೆ ಹಾಕಿದರು. ಸಂಜೆ ಮನೆಗೆ ಬಂದಾಗ ಸೀರೆ ನೆಟ್ಟಗೇ ಇತ್ತು. ಮಾರನೇ ದಿನ ಒಗೆದು ಹಿಂಡಿದರೆ ಜರಡಿ. ಅಮ್ಮ ಅದನ್ನು ಬಿಸಿಲಿಗೆ ಹಿಡಿದು, ತೂತಿನಿಂದ ನನ್ನನ್ನೇ ನೋಡಿ, ಅಳಬೇಕೋ ನಗಬೇಕೋ ತಿಳಿಯದೆ ನಕ್ಕುಬಿಟ್ಟಳು. ಆಸಿಡ್ ಬಿದ್ದ ಕೂಡಲೇ ಏನೂ ಹೇಳುವುದಿಲ್ಲ, ಒಗೆದಾಗ ಹೇಳುತ್ತದೆ. ಕಾಟನ್ ಹಾಕಿಕೊಂಡು ಬ್ಯಾಟರಿಯ ಹತ್ತಿರ ಹೋಗಬೇಡಿ ಮಕ್ಕಳೇ, ಅದರಲ್ಲೂ ಅಮ್ಮನದು.

ನಮ್ಮ ಮೇಲಿನವರು ಚಾರ್ಜ್‌ಮನ್ ರುದ್ರಪ್ಪನವರು. ಹೈಡ್ರೋಮೀಟರ್ ಹಿಡಿದುಕೊಂಡೇ ಕ್ಯಾಂಟೀನಿಗೂ ಹೋಗುತ್ತಿದ್ದರು. ಸೇರಿದ ತಿಂಗಳೊಳಗೆ ನಾನು ಒಂದು ದಿನ ಆಸಿಡ್ಡಿನ ಜಾಡಿಗೆ ನೀರು ಸುರಿಯಲು ಹೊರಟೆ. ಅವರು ಎಲ್ಲಿದ್ದರೋ, ಓಡಿಬಂದು ನನ್ನ ಕೈಯಿಂದ ಮಗ್ಗು ಕಿತ್ತು ಅಂಗಳಕ್ಕೆ ಎಸೆದರು. ಆಮೇಲೆ ಮೆಲ್ಲಗೆ ಹೇಳಿದರು.

"ನೀರಿಗೆ ಆಸಿಡ್ ಹಾಕು. ಆಸಿಡ್ಡಿಗೆ ನೀರು ಹಾಕ್ದೆ ಅಂದ್ರೆ ಮುಖಕ್ಕೆ ಎಗರುತ್ತೆ. ಮುಖ ಒಂದೇ ಇರೋದು ಕಣಮ್ಮ ನಿಂಗೆ."

ಅವರ ಇನ್ನೊಂದು ಪಾಠ ಇನ್ನೂ ದೊಡ್ಡದು. ಕೆಟ್ಟ ಬ್ಯಾಟರಿ ಬಂದರೆ ಅವರು ಮೊದಲು ಬ್ಯಾಟರಿಯನ್ನು ನೋಡುತ್ತಲೇ ಇರಲಿಲ್ಲ. ತಂದವನ ಮುಖ ನೋಡಿ, ಇದನ್ನು ಕೊನೆಗೆ ಮುಟ್ಟಿದ್ದು ಯಾರು ಎಂದು ಕೇಳುತ್ತಿದ್ದರು. ಒಮ್ಮೆ ಗುಬ್ಬಿಯ ತೆಂಗಿನ ತೋಟದ ಯಜಮಾನರೊಬ್ಬರು, ನಮ್ಮ ಡ್ರೈವರೊಬ್ಬನ ಭಾವ, ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ತಂದರು. ಚಾರ್ಜಿಗೆ ಇಟ್ಟರೆ ನೀರು ಹಾಕುವ ಆರು ಬಾಯಿಂದಲೂ ನೊರೆ ಉಕ್ಕಿ ಮೇಜಿನಿಂದ ಕೆಳಗಿಳಿಯತೊಡಗಿತು. ನಾನು ಹೌಹಾರಿ ಸ್ವಿಚ್ ಆರಿಸಿದೆ. ರುದ್ರಪ್ಪನವರು ಎಂದಿನಂತೆ ಆತನನ್ನೇ ವಿಚಾರಿಸಿದರು.

"ಇದಕ್ಕೆ ಏನ್ ಹಾಕಿದ್ರಿ?"

"ನೀರು ಸ್ವಾಮಿ."

"ಎಂಥ ನೀರು?"

"ಅಂಗಡಿಯವ್ನು ನಲ್ಲಿ ನೀರು ಬೋರ್ ನೀರು ಹಾಕ್ಬೇಡ, ಕೈ ಸೋಕ್ದಿರೋ ಶುದ್ಧವಾದ್ ನೀರು ಹಾಕು ಅಂದ. ಅದಕ್ಕೆ ಮರ ಹತ್ತಿಸಿ ನಾಕು ಎಳ್ನೀರು ಕೆಡವಿಸ್ದೆ. ನೆಲ ಕೂಡ ಮುಟ್ಟಿಸಿಲ್ಲ."

ರುದ್ರಪ್ಪನವರು ಹೈಡ್ರೋಮೀಟರನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ಕಿಟಕಿಯಲ್ಲಿ ನೋಡಿದರೆ ಬಸ್ಸಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಆ ಬ್ಯಾಟರಿ ಬದುಕಲಿಲ್ಲ. ಆದರೆ ನಾವು ಯಾರೂ ಆ ಮನುಷ್ಯನನ್ನು ಬೈಯಲಿಲ್ಲ, ಆತ ತನ್ನ ತೋಟದ ಅತ್ಯುತ್ತಮವಾದದ್ದನ್ನೇ ಅದಕ್ಕೆ ಕುಡಿಸಿದ್ದ.

ಕುಣಿಗಲ್ ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದು ಸವಿತಾಳ ಊರು ಸೇರಿದೆ. ಅವಳು ಬಾಗಿಲಲ್ಲೇ ಕೈ ಹಿಡಿದುಕೊಂಡಳು. ಕೆಂಪಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನ ಹಣೆಯ ವಿಭೂತಿ ನೋಡಿ, "ನಿಮಗೆ ಅಂತ ಹೊಸ ಮಡಕೇಲಿ ಸೊಪ್ಪಿನ್ಸಾರು ಮಾಡಿಸ್ತೀನಿ, ಅನುಮಾನ ಬ್ಯಾಡ" ಎಂದರು. ಆಮೇಲೆ ಮೊಟ್ಟೆಯ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿ, "ಅಲ್ಲ ಕಣವ್ವ, ತಾಯಿನೇ ಇಲ್ದ ಮೇಲೆ ಅವು ಯಾರನ್ನ ನಂಬ್ಕಂಡು ಆಚಿಗ್ ಬತ್ತವೆ?" ಎಂದು ಕೇಳಿದರು.

ನಾನು ತಮಾಷೆಗೆ ಒಂದು ಮಾತು ಹೇಳಿದೆ. "ಭಾನುವಾರ ಕಾವು ಕೊಡೋದು ಈ ಬ್ಯಾಟರಿ ಕೆಂಪಮ್ಮೋರೇ. ಇದನ್ನೇ ತಾಯಿ ಅಂದ್ಕೊಳ್ಳಿ." ಅವರು ತಲೆಯಾಡಿಸಿ ಬ್ಯಾಟರಿಯನ್ನು ಬಹಳ ಹೊತ್ತು ನೋಡಿದರು. ಆ ಮಾತು ನನ್ನ ವೃತ್ತಿಜೀವನದ ದೊಡ್ಡ ತಪ್ಪುಗಳಲ್ಲಿ ಒಂದು, ಅದೂ ನಿವೃತ್ತಿಯ ನಂತರ ಮಾಡಿದ್ದು.

ಈಗ ಕೆಲಸದ ವಿಷಯ. ಬ್ಯಾಟರಿಯನ್ನು ಹಿತ್ತಿಲ ಶೆಡ್ಡಿಗೆ ಸಾಗಿಸಿದೆವು, ಚಾರ್ಜ್ ಆಗುವಾಗ ಬರುವ ಗ್ಯಾಸು ಗಾಳಿಗೆ ಹೋಗಬೇಕು, ಹತ್ತಿರ ಬೆಂಕಿ ಸುಳಿಯಬಾರದು. ಆರು ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಒಳಗಿನ ಸೀಸದ ತಗಡುಗಳು ಒಣಗಿ ಬೆಳ್ಳಗಾಗಿದ್ದವು. ಕೈಬಿಟ್ಟ ಬ್ಯಾಟರಿಗೆಲ್ಲ ಹೀಗೆ ಒಂದು ಉಪ್ಪಿನಂಥ ಪದರ ಕಟ್ಟುತ್ತದೆ. ಅದನ್ನು ಜೋರು ಮಾಡಿ ಕರಗಿಸಲಾಗುವುದಿಲ್ಲ, ಸಣ್ಣ ಕರೆಂಟಿನಲ್ಲಿ ದಿನಗಟ್ಟಲೆ ಮೆಲ್ಲಗೆ ಒಲಿಸಬೇಕು. ಸತ್ವ ಇಲ್ಲವೆಂದು ಆಸಿಡ್ ಸುರಿಯಬೇಡಿ. ಸತ್ವ ಎಲ್ಲೂ ಹೋಗಿರುವುದಿಲ್ಲ, ಆ ಬಿಳಿ ಪದರದಲ್ಲೇ ಇರುತ್ತದೆ. ಬ್ಯಾಟರಿ ನೀರನ್ನು ತಗಡು ಮುಳುಗುವಷ್ಟು ಮಾತ್ರ ಹಾಕಿ, ವೈರು ಕಚ್ಚಿಸುವ ಎರಡು ಕಂಬಗಳ ಮೇಲಿನ ಹಸಿರು ಕಿಲುಬನ್ನು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ, ತಗಡು ನೆನೆಯಲಿ ಎಂದು ಎರಡು ಗಂಟೆ ಬಿಟ್ಟೆ.

ಚಾರ್ಜರು ಹಚ್ಚಿದರೆ ಅದೂ ಬ್ಯಾಟರಿ ಇಲ್ಲ ಎಂದಿತು. ನಮ್ಮ ಕಾಲದ ದಡ್ಡ ಚಾರ್ಜರುಗಳು ಏನು ಕೊಟ್ಟರೂ ಸುಮ್ಮನೆ ಚಾರ್ಜ್ ಮಾಡುತ್ತಿದ್ದವು. ಈಗಿನವು ಬುದ್ಧಿವಂತ, ಎದುರಿಗಿರುವುದರಲ್ಲಿ ಸ್ವಲ್ಪವಾದರೂ ವೋಲ್ಟೇಜ್ ಕಾಣದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಅದಕ್ಕೊಂದು ಉಪಾಯವಿದೆ. ಸತ್ತದ್ದರ ಪಕ್ಕ ಜೀವವಿರುವ ಇನ್ನೊಂದು ಬ್ಯಾಟರಿ ಇಟ್ಟು, ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಜೋಡಿಸಿ ಒಂದು ಗಂಟೆ ಮೋಸ ಮಾಡಬೇಕು. ನನ್ನನ್ನು ಕರೆತಂದ ಆಟೋದವನು ಜಗಲಿಯಲ್ಲಿ ಒಂದು ನಿದ್ದೆ ಮುಗಿಸಿ ಮಜ್ಜಿಗೆ ಕುಡಿಯುತ್ತ ಕೂತಿದ್ದ.

"ಒಂದ್ ಗಂಟೆ ಬ್ಯಾಟರಿ ಕೊಡಪ್ಪ."

"ಯಾರ್ದಮ್ಮ?"

"ನಿನ್ ಆಟೋದು."

"ಬಾಡಿಗೆ ಜಾಸ್ತಿ ಕೇಳ್ದೆ ಅಂತಾನಾ?" ಎಂದ ಆತ, ಮಜ್ಜಿಗೆ ಕೆಳಗಿಟ್ಟು. ಅವನಿಗೆ ಮುದ್ದೆ ಊಟ ಹಾಕಿ ಸಮಾಧಾನ ಮಾಡಬೇಕಾಯಿತು. ಊಟ ಮುಗಿಯುವ ಹೊತ್ತಿಗೆ ಚಾರ್ಜರಿನ ಹಸಿರು ದೀಪ ಮಿಟುಕಿ, ಚಾರ್ಜ್ ಏರತೊಡಗಿತು. ಅವನ ಬ್ಯಾಟರಿ ಬಿಚ್ಚಿ ಕೊಟ್ಟೆ. ಸವಿತಾ ನನ್ನನ್ನು ತಬ್ಬಿಕೊಂಡಳು. ಆಟೋ ಸ್ಟಾರ್ಟ್ ಆಗುವವರೆಗೂ ಆತ ನನ್ನ ಮೇಲೆ ಕಣ್ಣಿಟ್ಟೇ ಇದ್ದ.

ಬುಧವಾರ ಬೆಳಿಗ್ಗೆ ಹೈಡ್ರೋಮೀಟರಿನ ತೇಲುಗಡ್ಡಿ ಒಂದಿಷ್ಟು ಮೇಲೆ ಬಂದಿತ್ತು. ಆರೂ ಬಾಯಲ್ಲೂ ಒಂದೇ ಸಮ. ಒಂದು ಬಾಯಿಯ ಒಳಗಿನ ಸೆಲ್ ಸತ್ತಿದ್ದರೂ ಆಸೆ ಬಿಡಬೇಕಿತ್ತು, ಹಾಗಾಗಿರಲಿಲ್ಲ. ನಾನು ಅಂಗಳದಲ್ಲಿ ಹಾಡು ಗುನುಗುತ್ತ ಓಡಾಡಿದೆ. ಮಧ್ಯಾಹ್ನ ಗುಡುಗು ಬಂದು ಕರೆಂಟ್ ಹೋಯಿತು. ಸವಿತಾ ಪೆಟ್ಟಿಗೆಗೆ ಕಂಬಳಿ ಹೊದಿಸಿ ಕೂತಳು, ನಾನು ಮುದ್ದೆ ತಿಂದ ಮತ್ತಿನಲ್ಲಿ ಜಗಲಿಯ ಮೇಲೆ ಮಲಗಿದೆ. ಸಂಜೆ ನೋಡಿದರೆ ತೇಲುಗಡ್ಡಿ ಬೆಳಗ್ಗೆಗಿಂತ ಕೆಳಗೆ ಇಳಿದಿತ್ತು.

ಗುರುವಾರವೂ ಅದೇ ಆಯಿತು. ಬೆಳಿಗ್ಗೆ ಏರಿದ್ದು ಮಧ್ಯಾಹ್ನದ ಗುಡುಗು ಕಳೆದ ಮೇಲೆ ಇಳಿದಿತ್ತು. ಕರೆಂಟ್ ಹೋದರೆ ಏರುವುದು ನಿಲ್ಲಬೇಕು, ಇಳಿಯಬಾರದು. ಸವಿತಾ ಕ್ಯಾಲೆಂಡರ್ ನೋಡಿದಳು. ಮಧ್ಯೆ ಎರಡೇ ದಿನ. ಅಷ್ಟು ವರ್ಷದ ಅನುಭವವಿದ್ದೂ, ಬೇರೆ ಏನೂ ಹೊಳೆಯದೆ, ತುಮಕೂರಿನ ಸದಾಶಿವನಗರದಲ್ಲಿ ಮಗಳ ಮನೆಯಲ್ಲಿರುವ ರುದ್ರಪ್ಪನವರಿಗೆ ಫೋನ್ ಮಾಡಿ ಕೇಳಬಾರದ್ದನ್ನು ಕೇಳಿದೆ.

"ಸಾರ್, ಗುಡುಗಿದ್ರೆ ಬ್ಯಾಟರಿ ಇಳಿಯುತ್ತಾ?"

ಆ ಕಡೆಯಿಂದ ಕೆಮ್ಮಿನಂಥ ಸದ್ದು ಬಂತು. ಎಂಬತ್ತು ದಾಟಿದವರು, ಏನಾದರೂ ಆಯಿತೇ ಎಂದು ಹೆದರಿದೆ. ಅವರು ನಗುತ್ತಿದ್ದರು.

"ಗಂಗಮ್ಮ, ಪಿಂಚಣಿ ಬಂದ್ಮೇಲೆ ನಿಂಗೆ ತಲೆ ಕೆಟ್ಟಿದೆ. ಬ್ಯಾಟರಿ ಬುಡು. ಗುಡುಗಿದಾಗ ಆ ಮನೇಲಿ ಯಾರು ಏನ್ ಮಾಡ್ತಾರೆ, ಅದನ್ನ ನೋಡು."

ನನಗೆ ನಾಚಿಕೆಯಾಯಿತು. ಕೊನೆಗೆ ಮುಟ್ಟಿದ್ದು ಯಾರು ಎಂದು ನಾನು ಕೇಳಿಯೇ ಇರಲಿಲ್ಲ.

ಶುಕ್ರವಾರ ಮೂರು ಗಂಟೆಗೆ ಹೆಬ್ಬೂರಿನ ದಿಕ್ಕಿನಲ್ಲಿ ಮೋಡ ಕಟ್ಟಿತು. ನಿದ್ದೆ ಬಂತೆಂದು ಸುಳ್ಳು ಹೇಳಿ, ಹಿತ್ತಿಲಿನ ಹುಲ್ಲಿನ ಮೆದೆಯ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಅರವತ್ತು ದಾಟಿದ ಹೆಂಗಸು, ಮಂಡಿ ಬೇರೆ ನೋವು, ಸೆರಗಿನ ತುಂಬ ಹುಲ್ಲು. ನನಗೇ ನಗು ತಡೆಯಲಾಗುತ್ತಿರಲಿಲ್ಲ. ಮೊದಲ ಗುಡುಗು ಉರುಳಿತು. ಹಿತ್ತಿಲ ಬಾಗಿಲು ತೆರೆದು ಕೆಂಪಮ್ಮ ಬಂದರು. ಗೂಟಕ್ಕೆ ನೇತುಹಾಕಿದ್ದ ದನ ಕಟ್ಟುವ ತುಕ್ಕು ಸರಪಳಿಯನ್ನು ತೆಗೆದು, ಬ್ಯಾಟರಿಯ ಈ ಕಂಬದಿಂದ ಆ ಕಂಬದವರೆಗೆ ಹಾರ ಹಾಕಿದಂತೆ ಜೋಡಿಸಿದರು. ಮೇಲೆ ಗೋಣಿಚೀಲ ಹೊದಿಸಿದರು. ಗೋಣಿಯ ಮೇಲೆ ಒಂದು ಇದ್ದಿಲು, ಎರಡು ಒಣಮೆಣಸಿನಕಾಯಿ ಇಟ್ಟು ಕೈ ಮುಗಿದರು.

ನನ್ನ ನಗುವೆಲ್ಲ ಇಂಗಿಹೋಯಿತು. ಸುತ್ತ ಗ್ಯಾಸು, ಮಧ್ಯೆ ಕಬ್ಬಿಣ, ಒಂದು ದೊಡ್ಡ ಕಿಡಿ ಹಾರಿದ್ದರೆ ಆ ಮುದುಕಿಯ ಮುಖ ಉಳಿಯುತ್ತಿರಲಿಲ್ಲ. ಕೂಗಿದರೆ ಬೆಚ್ಚಿಬೀಳುತ್ತಾರೆಂದು ಮೆಲ್ಲಗೆ ಎದ್ದು ಅವರನ್ನು ಈಚೆ ಕರೆದು, ಚಾರ್ಜರ್ ಆರಿಸಿ, ಗ್ಲೌಸು ಕನ್ನಡಕ ಹಾಕಿ ಗೋಣಿ ತೆಗೆದೆ. ಗ್ಯಾಸು ಗಾಳಿಗೆ ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು ಸರಪಳಿ ಎತ್ತಿದೆ. ಸರಪಳಿಯ ತುಕ್ಕೇ ನಮ್ಮನ್ನು ಕಾಪಾಡಿತ್ತು. ಆ ತುಕ್ಕಿನ ದೆಸೆಯಿಂದ ಕರೆಂಟು ಒಂದೇ ಸಲ ನುಗ್ಗದೆ, ದಿನಾ ಮಧ್ಯಾಹ್ನ ಮೆಲ್ಲಗೆ ಸೋರಿಹೋಗಿತ್ತು.

"ಇದ್ಯಾಕೆ ಇಟ್ರಿ ಕೆಂಪಮ್ಮೋರೇ?"

"ಗುಡುಗ್ತಾ ಐತಲ್ಲವ್ವ. ಕಾವಿಗೆ ಕೂತಾಗ ಗುಡುಗು ಬಡುದ್ರೆ ಮೊಟ್ಟೆ ಕೊಳ್ತೋಯ್ತವೆ. ಕಬ್ಬಿಣ ಮಡುಗ್ಬೇಕು. ನಮ್ಮತ್ತೆ ಮಡುಗೋರು, ನಾನೂ ಮಡುಗ್ತೀನಿ. ಪೆಟ್ಟಿಗೆತಾವ ಮಡುಗುದ್ರೆ ಸವಿತಾ ನಗ್ತಾಳೆ. ನೀವು ಇದೇ ತಾಯಿ ಅಂದ್ರಲ್ಲ, ಅದ್ಕೇ ತಾಯ್ಗೇ ಮಡುಗ್ದೆ. ದನ ಬರೋ ಹೊತ್ಗೆ ತೆಗ್ದುಬುಡ್ತಿದ್ದೆ." ಆಮೇಲೆ ದನಿ ತಗ್ಗಿಸಿ ಸೇರಿಸಿದರು. "ಸರಪಳಿ ಮುಟ್ಟಿ ನೋಡ್ದೆ, ಬೆಚ್ಚಗಿತ್ತು ಕಣವ್ವ. ತಾಯಿ ಕಾವಿಗೆ ಬಂದವ್ಳೆ ಅಂತ ಸಂತೋಸ ಆಯ್ತು."

ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ನೀರೆಲ್ಲ ನಗುವಿನದಾಗಿರಲಿಲ್ಲ. ಪೆಟ್ಟಿಗೆಯನ್ನು ನಂಬುವುದಿಲ್ಲ ಎಂದು ದಿನವಿಡೀ ಗೊಣಗುವ ಹೆಂಗಸು, ಸೊಸೆಯ ಮೊಟ್ಟೆ ಕೆಡಬಾರದೆಂದು ಯಾರಿಗೂ ಕಾಣದಂತೆ ಮೂರು ದಿನ ಕೈ ಮುಗಿದಿದ್ದಳು. ಒಳಗೆ ಹೋಗಿ ಸವಿತಾಳಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಅತ್ತೆಯ ಕೈಯಿಂದ ಸರಪಳಿ ಇಸಿದುಕೊಂಡು ಮೊಟ್ಟೆಯ ಪೆಟ್ಟಿಗೆಯ ಕೆಳಗೆ, ನೆಲದ ಮೇಲೆ, ಸುರುಳಿ ಸುತ್ತಿ ಇಟ್ಟಳು. "ಇಲ್ಲಿ ಇರ್ಲಿ ಅತ್ತೆ" ಎಂದಳು. ಕೆಂಪಮ್ಮ ಇದ್ದಿಲನ್ನೂ ಮೆಣಸಿನಕಾಯಿಯನ್ನೂ ತಂದು ಅದರ ಪಕ್ಕ ಇಟ್ಟರು.

ಶುಕ್ರವಾರ ಸಂಜೆಯಿಂದ ತೇಲುಗಡ್ಡಿ ಹಿಂದಕ್ಕೆ ನೋಡಲಿಲ್ಲ. ಶನಿವಾರ ಬೆಳಿಗ್ಗೆ ಆರೂ ಬಾಯಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದವು. ಆ ಸದ್ದು ಕೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೊಸ ಬ್ಯಾಟರಿಯ ಸತ್ವದಷ್ಟು ಏರಲಿಲ್ಲ, ಏರುವುದೂ ಇಲ್ಲ. ಭಾನುವಾರ ಸಂಜೆ ಐದರವರೆಗೆ ಎಳೆಯಬಹುದು ಎಂದು ಸವಿತಾಳಿಗೆ ಹೇಳಿದೆ. ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಗೆ ಒಪ್ಪಿಕೊಳ್ಳಲಿಲ್ಲ.

ಶನಿವಾರ ರಾತ್ರಿ ಇನ್ವರ್ಟರನ್ನೇ ಹಿತ್ತಿಲಿಗೆ ತಂದು ಬ್ಯಾಟರಿಗೆ ಜೋಡಿಸಿ, ಪೆಟ್ಟಿಗೆಗೆ ವೈರು ಎಳೆದೆವು. ಭಾನುವಾರ ಸರಿಯಾಗಿ ಒಂಬತ್ತಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ಟಿಕ್ ಎಂದು ಹೊಣೆ ಹೊತ್ತುಕೊಂಡಿತು. ಪೆಟ್ಟಿಗೆಯೊಳಗಿನ ಫ್ಯಾನು ಸೆಕೆಂಡ್‌ಹ್ಯಾಂಡ್ ಮಾಲು, ಗರಗರ ಎಂದು ಹೊಡೆದುಕೊಳ್ಳುತ್ತಿತ್ತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಮೊಟ್ಟೆ ಕೊಟ್ಟ ಹೆಂಗಸರೆಲ್ಲ ಬಂದು ನಡುಮನೆ ತುಂಬಿತು. ಪೆಟ್ಟಿಗೆಯ ಗಾಜಿಗೆ ಒಳಗಿನಿಂದ ಹಬೆ ಕಟ್ಟಿ ಏನೂ ಕಾಣುತ್ತಿರಲಿಲ್ಲ. ಮರಿ ಒಡೆಯುವ ಹೊತ್ತಿನಲ್ಲಿ ಮುಚ್ಚಳ ತೆರೆಯುವಂತೆಯೂ ಇಲ್ಲ. ಒಂದೂ ಆದಂತಿಲ್ಲ ಎಂದು ಒಬ್ಬಳು, ಮೊದಲೇ ಗೊತ್ತಿತ್ತು ಎಂದು ಇನ್ನೊಬ್ಬಳು. ಸವಿತಾ ಗೋಡೆಗೆ ಒರಗಿ ಉಗುರು ಕಚ್ಚುತ್ತ ನಿಂತಿದ್ದಳು.

ಐದು ಹೊಡೆಯಿತು, ಕರೆಂಟ್ ಬರಲಿಲ್ಲ. ನಾನು ಹಿತ್ತಿಲಿಗೂ ನಡುಮನೆಗೂ ನಾಲ್ಕು ಸಲ ಓಡಾಡಿದೆ. ಐದೂ ಹನ್ನೆರಡಕ್ಕೆ ಇನ್ವರ್ಟರ್ ಕೂಗಿಕೊಂಡು ಆರಿಹೋಯಿತು. ಗರಗರ ನಿಧಾನವಾಗಿ ನಿಂತಿತು. ಹೆಂಗಸರೆಲ್ಲ ಒಮ್ಮೆಗೇ ಮಾತಾಡತೊಡಗಿದರು. ಕಂಬಳಿ ತರಲು ಓಡಿದ ಸವಿತಾಳ ಕೈಯನ್ನು ಕೆಂಪಮ್ಮ ಹಿಡಿದುಕೊಂಡರು.

"ಸುಮ್ಕಿರ್ರೇ ಎಲ್ರೂ" ಎಂದರು. ಪೆಟ್ಟಿಗೆಗೆ ಕಿವಿಯಿಟ್ಟರು.

ಇಷ್ಟು ಹೊತ್ತು ಫ್ಯಾನಿನ ಗದ್ದಲದಲ್ಲಿ ಮುಚ್ಚಿಹೋಗಿದ್ದ ಸದ್ದು ಆಗ ನಮಗೆಲ್ಲ ಕೇಳಿಸಿತು. ಚಿಯ್ ಎಂದು ಒಂದು, ಆಮೇಲೆ ಮೂರು, ಆಮೇಲೆ ಪೆಟ್ಟಿಗೆ ತುಂಬ. ಕೆಂಪಮ್ಮ ಸೊಸೆಯ ತಲೆಯನ್ನು ಎಳೆದುಕೊಂಡು ಪೆಟ್ಟಿಗೆಯ ಇನ್ನೊಂದು ಬದಿಗೆ ಕಿವಿ ಹಚ್ಚಿಸಿದರು. ಮೂವತ್ತೊಂದು ವರ್ಷ ಸತ್ತ ಬ್ಯಾಟರಿಗಳನ್ನು ಎಬ್ಬಿಸಿದವಳು ನಾನು. ಒಂದು ಬ್ಯಾಟರಿ ಸತ್ತದ್ದಕ್ಕೆ ಅಷ್ಟು ಖುಷಿಯಾದದ್ದು ಅದೇ ಮೊದಲು.